ಬೋದಿಗೆ ಬಿಟ್ಟುಹೋದ ಕಂಬ: ಉಕ್ಕಿನ ಕಂಬಕ್ಕೆ ಮರದ ತೊಲೆ ಕೂರಿಸಿದ ಒಂದು ಜಗಲಿಯ ಪ್ರಕರಣ

ಕರಾವಳಿಯ ಹಳೆಯ ಹೆಂಚಿನ ಮನೆಗಳಲ್ಲಿ ಮೊದಲು ಕೈಕೊಡುವುದು ಜಗಲಿ ಕಂಬದ ಬುಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ನೀರು ಬುಡಕ್ಕೆ ಹೊಡೆಯುತ್ತಲೇ ಇರುತ್ತದೆ, ಮಳೆ ನಿಂತ ಮೇಲೆ ಗೆದ್ದಲು ಹತ್ತುತ್ತದೆ. ಮೇಲಿನ ತೊಲೆ, ಪಕ್ಕಾಸು (ತೊಲೆಯ ಮೇಲೆ ಇಳಿಜಾರಾಗಿ ಕೂರುವ ಮರ), ರೀಪುಗಳು (ಹೆಂಚು ಕೂರುವ ಅಡ್ಡಪಟ್ಟಿ) ಇನ್ನೂ ಗಟ್ಟಿಯಾಗಿರುವಾಗಲೇ ಕಂಬ ಟೊಳ್ಳಾಗಿರುತ್ತದೆ. ಹಾಗಾಗಿ ಮರದ ಕಂಬ ತೆಗೆದು ಉಕ್ಕಿನ ಚೌಕ ಪೈಪು ನಿಲ್ಲಿಸಿ, ಮೇಲಿನ ಮರದ ಮಾಡನ್ನು (ಛಾವಣಿಯನ್ನು) ಉಳಿಸಿಕೊಳ್ಳುವುದು ಈಗ ಆ ಕಡೆ ಮಾಮೂಲಿ. ನಿರ್ಧಾರ ಸರಿಯಾದದ್ದೇ. ಕೆಡುವುದು ಮರವೂ ಉಕ್ಕೂ ಸೇರುವ ಒಂದಡಿ ಜಾಗದಲ್ಲಿ, ಹಿಂದೆ ಬೋದಿಗೆ (ಕಂಬದ ತಲೆಗೂ ತೊಲೆಗೂ ನಡುವಿನ ಮರದ ಮಣೆ) ಇರುತ್ತಿದ್ದ ಕಡೆ.

ಇಲ್ಲಿ ಬಿಡಿಸಿ ನೋಡುತ್ತಿರುವುದು ಅಂಥದೇ ಒಂದು ಜಗಲಿ. ಅಳತೆಗಳು ಆ ಭಾಗದ ಮನೆಗಳಲ್ಲಿ ಎಲ್ಲೆಲ್ಲೂ ಕಾಣುವಂಥವು: 9 ಮೀಟರ್ ಉದ್ದ, ಗೋಡೆಯಿಂದ ಕಂಬದ ಸಾಲಿಗೆ 2.4 ಮೀಟರ್, ಅಲ್ಲಿಂದ ಆಚೆ 750 ಮಿ.ಮೀ. ಮಾಡಿನ ಚಾಚು. 3 ಮೀಟರ್‌ಗೊಂದರಂತೆ ನಾಲ್ಕು ಕಂಬ, ಎಲ್ಲವೂ 100×100×4 ಮಿ.ಮೀ. ಚೌಕ ಪೈಪು. ಅವುಗಳ ಮೇಲೆ 100 ಮಿ.ಮೀ. ದಪ್ಪ, 200 ಮಿ.ಮೀ. ಎತ್ತರದ ಹಲಸಿನ ತೊಲೆ, ಮೂರು ತುಂಡಿನಲ್ಲಿ. ತೊಲೆಯ ಮೇಲೆ 600 ಮಿ.ಮೀ.ಗೊಂದು 50×100 ಪಕ್ಕಾಸು, ಅದರ ಮೇಲೆ ರೀಪು, ಮಂಗಳೂರು ಹೆಂಚು. ತೊಲೆಯ ಮೂರು ತುಂಡಿನಲ್ಲಿ ಒಂದು ಹಳೆಯ ಮನೆಯದು. ಉಳಿದೆರಡು ಹಿತ್ತಿಲಿನಲ್ಲಿ ಹಿಂದಿನ ವರ್ಷ ಬಿದ್ದ ಹಲಸಿನ ಮರದಿಂದ ಕೊಯ್ದವು. ಕಂಬಗಳ ನಡುವೆ ಮರದ ಜಾಲಿ (ಜಾಲರಿ) ಕೂರಿಸಲು ಕಂಬದ ಪಕ್ಕಕ್ಕೆ 75×50 ಮಿ.ಮೀ. ಮರದ ಪಟ್ಟಿಗಳನ್ನೂ ಹೊಡೆಯಲಾಗಿತ್ತು.

ಎರಡು ಮಳೆಗಾಲ ಕಳೆದ ಮೇಲಿನ ಸ್ಥಿತಿ ಹೀಗಿತ್ತು. ನಡುವಿನ ಕಂಬಗಳ ಮೇಲೆ ತೊಲೆಯ ತುದಿ ಸೀಳಿದೆ, ಬೋಲ್ಟಿನ ಸುತ್ತ ಮರ ಕಪ್ಪಗಾಗಿದೆ, ಜಾಲಿಯ ಪಟ್ಟಿ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತದೆ, ಗಾಳಿ ಬೀಸಿದಾಗ ಮಾಡಿನಿಂದ ಕಟಕಟ ಸದ್ದು ಬರುತ್ತದೆ.

ಬಿಚ್ಚಿದಾಗ ಕಂಡದ್ದು

ಕಂಬದ ತಲೆಗೆ ಯು ಆಕಾರದ ಬ್ರಾಕೆಟ್ ಇತ್ತು. ಅಡಿಗೆ 100×100ರ 6 ಮಿ.ಮೀ. ಪ್ಲೇಟು, ಎರಡು ಕಡೆ 180 ಮಿ.ಮೀ. ಎತ್ತರದ ಪಟ್ಟಿ. ಒಳ ಅಗಲ ತೊಲೆಯಷ್ಟೇ, ಸರಿಯಾಗಿ 100 ಮಿ.ಮೀ. ತೊಲೆ ಸಲೀಸಾಗಿ ಇಳಿಯದ್ದರಿಂದ ಸುತ್ತಿಗೆಯಲ್ಲಿ ಹೊಡೆದು ಇಳಿಸಲಾಗಿತ್ತು. ಒಂದು ಕಂಬದಲ್ಲಂತೂ ತೊಲೆ ಇಟ್ಟಾದ ಮೇಲೆ ಎರಡನೆಯ ಪಟ್ಟಿಯನ್ನು ಅಲ್ಲೇ ವೆಲ್ಡ್ ಮಾಡಿದ್ದು, ಮರದ ಅಡಿಭಾಗ ಇದ್ದಿಲಾಗಿತ್ತು. ಉಗುರಿನಿಂದ ಕೆರೆದರೆ 10 ಮಿ.ಮೀ. ಆಳದವರೆಗೆ ಪುಡಿ ಉದುರುತ್ತಿತ್ತು. ಮರ ತಾನು ಕೂರುವ ಜಾಗವನ್ನೇ ಹೀಗೆ ಕಳೆದುಕೊಂಡಿತ್ತು. ವೆಲ್ಡಿನ ಮೇಲೆ ರೆಡ್ ಆಕ್ಸೈಡ್ ಒಂದು ಕೋಟು. ಬ್ರಾಕೆಟ್ಟಿನ ಒಳಮೈಗೆ ಬಣ್ಣವೇ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅಲ್ಲಿ ಮರ ಕೂತಾಗಿತ್ತು.

ನಡುವಿನ ಕಂಬಗಳ ಮೇಲೆ ಎರಡು ತುಂಡು ತೊಲೆಗಳು ಮುಖಾಮುಖಿ ಸೇರುತ್ತವೆ. 100 ಮಿ.ಮೀ. ಬ್ರಾಕೆಟ್ಟಿನಲ್ಲಿ ಒಂದೊಂದಕ್ಕೆ ಸಿಕ್ಕಿದ್ದು 50 ಮಿ.ಮೀ. ಪ್ರತಿ ತುದಿಗೂ 10 ಮಿ.ಮೀ. ಬೋಲ್ಟು ಎರಡೆರಡು, ಒಂದರ ಮೇಲೊಂದು. ತುದಿಯಿಂದ ಬೋಲ್ಟಿಗೆ ದೂರ ಬರೀ 25 ಮಿ.ಮೀ., ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ ನಡುವೆ 140 ಮಿ.ಮೀ.

ಸೀಳು ಹುಟ್ಟಿದ್ದು ಇದೇ ಜೋಡಣೆಯಿಂದ. ಹಸಿ ಹಲಸು ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ. ಅಡ್ಡಕ್ಕೆ ಮಾತ್ರ 100 ಮಿ.ಮೀ.ಗೆ 3 ಮಿ.ಮೀ. ಆಸುಪಾಸು ಕುಗ್ಗುತ್ತದೆ ಎಂದು ಹಿಡಿಯಬೇಕು. 140 ಮಿ.ಮೀ. ಅಂತರಕ್ಕೆ ಅದು 4 ಮಿ.ಮೀ. ದಾಟುತ್ತದೆ. ಆದರೆ ಬೋಲ್ಟುಗಳು ಉಕ್ಕಿನ ತೂತಿನಲ್ಲಿವೆ. ಉಕ್ಕು ಒಣಗಿ ಕುಗ್ಗುವುದಿಲ್ಲ. ತೂತಿನ ಸಡಿಲ ಒಂದೋ ಒಂದೂವರೆಯೋ ಮಿ.ಮೀ. ಉಳಿದ ಎರಡು ಮೂರು ಮಿ.ಮೀ.ಯನ್ನು ಮರವೇ ಬಾಯಿ ಬಿಟ್ಟು ಕೊಡಬೇಕು, ಕೊಟ್ಟಿದೆ. ಬೋಲ್ಟು ತುದಿಗೆ ಅಷ್ಟು ಹತ್ತಿರ ಇದ್ದುದರಿಂದ ಸೀಳು ತಡೆಯಿಲ್ಲದೆ ತುದಿಯವರೆಗೂ ಓಡಿತು. ಹಳೆಯ ಮನೆಯ ತುಂಡು ಇದೇ ಬ್ರಾಕೆಟ್ಟಿನಲ್ಲಿ, ಇದೇ ಬೋಲ್ಟಿನಲ್ಲಿ ಸೀಳಿರಲಿಲ್ಲ. ಅದು ದಶಕಗಳ ಹಿಂದೆಯೇ ಕುಗ್ಗಿ ಮುಗಿಸಿತ್ತು.

ಕಪ್ಪು ಬಣ್ಣದ ಕಾರಣ ಬೇರೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ಚೂರು ಬಿದ್ದರೆ ಮಸಿಯಾಗುತ್ತದೆ. ಮರದೊಳಗಿನ ಒಗರಿಗೂ ಒದ್ದೆ ಕಬ್ಬಿಣಕ್ಕೂ ನಡೆಯುವುದು ಅದೇ. ಬಣ್ಣವಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಒದ್ದೆ ಮರದ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಕಬ್ಬಿಣದ ತುಕ್ಕು ತಿರುಗಿ ಸುತ್ತಲಿನ ಮರದ ನಾರನ್ನು ಕೆಡಿಸುತ್ತದೆ. ಹೊರತೆಗೆದ ಬೋಲ್ಟುಗಳು ತಲೆಯ ಹತ್ತಿರ ಪೂರ್ತಿ ದಪ್ಪ ಇದ್ದವು, ನಡುವೆ ಸೊಂಟದ ಹಾಗೆ ಸವೆದಿದ್ದವು. ತೂತಿನೊಳಗೆ ಬೆರಳು ಹಾಕಿ ತಿರುವಿದರೆ ಮರ ನೆನೆದ ರಟ್ಟಿನಂತೆ ಬೆರಳಿಗೆ ಅಂಟುತ್ತಿತ್ತು. ಹೊರಗಿನಿಂದ ನಟ್ಟು ಬಿಗಿಯಾಗಿ, ಬಣ್ಣ ಹೊಡೆಸಿಕೊಂಡು ಚೆಂದವಾಗಿಯೇ ಕಾಣುತ್ತಿತ್ತು. ಬೋಲ್ಟಿನ ಆರೋಗ್ಯವನ್ನು ಅದರ ತಲೆ ನೋಡಿ ಹೇಳಲು ಬರುವುದಿಲ್ಲ. ಒಂದನ್ನಾದರೂ ತೆಗೆದು ನೋಡಲೇಬೇಕು.

ಅಷ್ಟು ನೀರು ಒಳಗೆ ಬಂದದ್ದು ಹೇಗೆ? ಬ್ರಾಕೆಟ್ಟಿನ ಅಡಿಯ ಪ್ಲೇಟಿಗೂ ಮರಕ್ಕೂ ನಡುವೆ ಸಂದಿ ಇಲ್ಲ, ನೀರು ಇಳಿಯುವ ದಾರಿಯೂ ಇಲ್ಲ. ಗಾಳಿಮಳೆಗೆ ತೊಲೆಯ ಮೈಮೇಲೆ ಇಳಿದ ನೀರು ಅಲ್ಲಿ ಬಂದು ನಿಲ್ಲುತ್ತದೆ. ತೊಲೆಯ ತುದಿಮೈ ಅದನ್ನು ಬತ್ತಿಯ ಹಾಗೆ ಹೀರುತ್ತದೆ. ಮರದ ತುದಿ ಹೀರುವಷ್ಟು ಬೇಗ ಪಕ್ಕ ಎಂದೂ ಹೀರುವುದಿಲ್ಲ.

ಬೋದಿಗೆ ಮಾಡುತ್ತಿದ್ದ ಕೆಲಸ

ಹಳೆಯ ಮರದ ಕಂಬದ ತಲೆಗೂ ತೊಲೆಗೂ ನಡುವೆ ಬೋದಿಗೆ ಇರುತ್ತಿತ್ತು. ಅದನ್ನು ಈಗ ಬಹಳ ಜನ ಅಲಂಕಾರ ಎಂದು ತಿಳಿಯುತ್ತಾರೆ, ಕೆತ್ತನೆ ಇರುತ್ತಿದ್ದ ಕಾರಣಕ್ಕೆ. ಅದರ ನಿಜವಾದ ಕೆಲಸ ತೊಲೆಗೆ ಉದ್ದನೆಯ ಮಣೆ ಒದಗಿಸುವುದು. ಕಂಬ ಅರ್ಧ ಅಡಿ ಅಗಲವಿದ್ದರೂ ಬೋದಿಗೆ ಎರಡೂ ಕಡೆ ಚಾಚಿ, ತೊಲೆಯ ಪ್ರತಿ ತುಂಡಿಗೂ ಒಂದು ಗೇಣು ಕೂರುವ ಜಾಗ ಕೊಡುತ್ತಿತ್ತು. ಇನ್ನೊಂದು ಗುಣವೆಂದರೆ ಅದೂ ಮರ, ತೊಲೆಯೂ ಮರ. ಮಳೆಗಾಲಕ್ಕೆ ಎರಡೂ ಉಬ್ಬುತ್ತಿದ್ದವು, ಬೇಸಗೆಗೆ ಎರಡೂ ಕುಗ್ಗುತ್ತಿದ್ದವು.

ಮರದ ಕಂಬ ತೆಗೆದು ಪೈಪು ನಿಲ್ಲಿಸಿದಾಗ ಬೋದಿಗೆಯನ್ನೂ ಕೈಬಿಟ್ಟರು. ಪೈಪು 100 ಮಿ.ಮೀ., ಹಾಗಾಗಿ ಬ್ರಾಕೆಟ್ಟೂ 100 ಮಿ.ಮೀ. ತೊಲೆ ತುದಿಯ 50 ಮಿ.ಮೀ. ಪಾಲು, 25 ಮಿ.ಮೀ. ತುದಿದೂರ ಎಲ್ಲಕ್ಕೂ ಮೂಲ ಈ ಒಂದು ಬಿಟ್ಟದ್ದೇ. ಆದ್ದರಿಂದ ದುರಸ್ತಿಯ ಮೊದಲ ತೀರ್ಮಾನ ಬೋದಿಗೆಯನ್ನು ಉಕ್ಕಿನಲ್ಲಿ ಮರಳಿ ತರುವುದು.

ಗಾಳಿ ಎಷ್ಟು ಎತ್ತುತ್ತದೆ

ತೂಕ ಹೊರುವ ವಿಷಯದಲ್ಲಿ ಚಿಂತೆ ಬೇಡ. ಚಾಚಿನ ಭಾರವನ್ನೂ ಸೇರಿಸಿ ನಡುವಿನ ಒಂದು ಕಂಬದ ಪಾಲಿಗೆ ಸುಮಾರು 6.2 ಚದರ ಮೀಟರ್ ಮಾಡು ಬರುತ್ತದೆ. ಇಳಿಜಾರಿನ ಮೇಲೆ ಅಳೆದರೆ 7 ಚದರ ಮೀಟರ್ ಹತ್ತಿರ. ಚದರ ಮೀಟರ್‌ಗೆ 15 ಹೆಂಚು, ಹೆಂಚಿಗೆ ಎರಡೂಕಾಲು ಎರಡೂವರೆ ಕಿಲೋ. ಪಕ್ಕಾಸು, ರೀಪು ಸೇರಿ ಒಣ ತೂಕ ಚದರ ಮೀಟರ್‌ಗೆ 50 ಕಿಲೋ. ಒಂದು ಕಂಬದ ಮೇಲೆ ತೊಲೆಯ ತೂಕವೂ ಸೇರಿ 390 ಕಿಲೋ. ಹೆಂಚು ನೀರು ಕುಡಿದಾಗ ಇನ್ನಷ್ಟು, ರಿಪೇರಿಗೆ ಜನ ಹತ್ತಿದರೆ ಮತ್ತಷ್ಟು. ಒಟ್ಟು ಮುಕ್ಕಾಲು ಟನ್ ಎಂದಿಟ್ಟರೂ ಈ ಪೈಪಿಗೆ ಅದು ಹೊರೆಯಲ್ಲ.

ಎಲ್ಲರೂ ಮರೆಯುವುದು ಗಾಳಿಯನ್ನು. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದ ಪ್ರಕಾರ ಮಂಗಳೂರಿನ ಕರಾವಳಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ: 39ಕ್ಕೆ ಚದರ ಮೀಟರ್‌ಗೆ ಸುಮಾರು 910 ನ್ಯೂಟನ್, ಅಂದರೆ 93 ಕಿಲೋ. ಜಗಲಿ ಮುಂದೆ ತೆರೆದಿದೆ, ಹಿಂದೆ ಗೋಡೆ. ಗಾಳಿ ಒಳನುಗ್ಗಿ ಅಡಿಯಿಂದ ದೂಡುತ್ತದೆ, ಮೇಲಿನಿಂದ ಹೀರುತ್ತದೆ. ಗುಣಕ 1 ಎಂದೇ ಹಿಡಿದರೂ ಒಂದು ಕಂಬದ ಪಾಲಿನ ಎತ್ತು (ಮಾಡನ್ನು ಮೇಲಕ್ಕೆ ಎತ್ತುವ ಬಲ) 580 ಕಿಲೋ ಹತ್ತಿರ. ಒಣ ತೂಕ ಕಳೆದರೆ ಉಳಿಯುವ ಎತ್ತು 190 ಕಿಲೋ. ನಾಳೆ ಯಾರಾದರೂ ಹೆಂಚು ತೆಗೆದು ಶೀಟು ಹೊದಿಸಿದರೆ ಮೇಲಿನ ತೂಕ 145 ಕಿಲೋಗೆ ಇಳಿಯುತ್ತದೆ, ಎತ್ತು 430 ದಾಟುತ್ತದೆ. ಅಂಥ ಬದಲಾವಣೆ ಈಗ ಎಲ್ಲ ಊರಿನಲ್ಲೂ ನಡೆಯುತ್ತಿರುವುದರಿಂದ, ಸುರಕ್ಷೆಯ ಗುಣಕಗಳನ್ನೂ ಸೇರಿಸಿ, ಜೋಡಣೆಯನ್ನು ಕಂಬಕ್ಕೆ 750 ಕಿಲೋ ಎತ್ತಿಗೆ ರೂಪಿಸಲಾಯಿತು. 12 ಮಿ.ಮೀ.ನ ಎರಡು ಬೋಲ್ಟು ಇದಕ್ಕೆ ಸಾಕು, ಅವು ಇರಬೇಕಾದ ಜಾಗದಲ್ಲಿ ಇದ್ದರೆ. ಕಟಕಟ ಸದ್ದು ಇದೇ ಎತ್ತಿನದು: ಸೊಂಟ ಸವೆದ ಬೋಲ್ಟಿನ ಸುತ್ತ ತೊಲೆ ಎದ್ದು ಎದ್ದು ಕೂರುತ್ತಿತ್ತು.

ಕಂಬದ ತಲೆಯಲ್ಲಿ ಹಿಡಿದ ಎತ್ತು ಬುಡಕ್ಕೆ ಇಳಿಯಲೇಬೇಕು. ಕಂಬದ ಅಡಿಪ್ಲೇಟು ನಾಲ್ಕು 16 ಮಿ.ಮೀ. ಆಂಕರ್ ಬೋಲ್ಟಿನಲ್ಲಿ ಕಾಂಕ್ರೀಟಿಗೆ ಹಿಡಿದಿರಬೇಕು, ಆ ಕಾಂಕ್ರೀಟೂ ಅದರ ಮೇಲಿನ ಮಣ್ಣೂ ಎತ್ತನ್ನು ಮೀರುವಷ್ಟು ತೂಗಬೇಕು. ಈ ಜಗಲಿಯಲ್ಲಿ ಬುಡ ಸರಿಯಾಗಿತ್ತು, ನೆಲದಿಂದ 150 ಮಿ.ಮೀ. ಎತ್ತರದ ಪೀಠದ ಮೇಲಿತ್ತು. ಅದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ, ಕಂಬ ಬಿಚ್ಚಿ ಅದೇ ಆಂಕರಿಗೆ ಮರಳಿ ಕೂರಿಸುವುದಷ್ಟೇ.

ಉಕ್ಕಿನ ಬೋದಿಗೆ

ಹೊಸ ಬ್ರಾಕೆಟ್ಟಿನ ಅಳತೆ ಇದು. ಅಡಿಪ್ಲೇಟು 300 ಮಿ.ಮೀ. ಉದ್ದ, 118 ಅಗಲ, 10 ದಪ್ಪ. ಪಕ್ಕದ ಪ್ಲೇಟು ಎರಡು, ಒಂದೊಂದೂ 300×150×6. ಒಳ ಅಗಲ 106 ಮಿ.ಮೀ., ತೊಲೆಗಿಂತ 6 ಹೆಚ್ಚು. ಪಕ್ಕದ ಪ್ಲೇಟುಗಳು ಅಡಿಪ್ಲೇಟಿಗೆ ಉದ್ದಕ್ಕೂ ವೆಲ್ಡ್ ಆದಾಗ ಮೂರೂ ಸೇರಿ ಒಂದೇ ಚಾನಲ್ ಆಗುತ್ತವೆ. ಹಾಗಾಗಿ ಕಂಬದಿಂದ ಆಚೆ ತಲಾ 100 ಮಿ.ಮೀ. ಚಾಚಿದರೂ ಬಾಗುವುದಿಲ್ಲ, ಬೇರೆ ಆಸರೆ ಬೇಡ. ಪೈಪಿನ ತಲೆಗೆ ಸುತ್ತಲೂ 5 ಮಿ.ಮೀ. ವೆಲ್ಡ್. ಅಡಿಪ್ಲೇಟಿನಲ್ಲಿ ಪ್ರತಿ ಚಾಚಿಗೂ ಒಂದು 12 ಮಿ.ಮೀ. ತೂತು, ನೀರು ಇಳಿಯಲು. ಈ ತೂತು ಪೈಪಿನ ನೆತ್ತಿಯ ಮೇಲೆ ಬರಲೇಬಾರದು. ಬಂದರೆ ನೀರು ಕಂಬದೊಳಗೆ ಇಳಿದು, ಪೈಪನ್ನು ಒಳಗಿನಿಂದ ತಿನ್ನುತ್ತದೆ.

ಬೋಲ್ಟಿನ ತೂತಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಒಂದರ ಮೇಲೊಂದು ಬೋಲ್ಟು ಇನ್ನು ಇಲ್ಲ. ತೊಲೆಯ ಪ್ರತಿ ತುದಿಗೆ ಒಂದೇ 12 ಮಿ.ಮೀ. ಬೋಲ್ಟು: ತೊಲೆಯ ತಳದಿಂದ 60 ಮಿ.ಮೀ. ಎತ್ತರದಲ್ಲಿ, ತುದಿಯಿಂದ 90 ಮಿ.ಮೀ. ಒಳಗೆ. ಈ ಎರಡು ಅಂಕಿಗೂ ಕಾರಣವಿದೆ. ತುದಿದೂರ ಬೋಲ್ಟಿನ ದಪ್ಪದ ಏಳು ಪಟ್ಟು ಇರಬೇಕು, 12ಕ್ಕೆ ಅದು 84. ಗಾಳಿ ತೊಲೆಯನ್ನು ಎತ್ತುವಾಗ ಬೋಲ್ಟು ಒತ್ತುವುದು ತಳದ ಕಡೆಯ ಮರವನ್ನು. ಆ ಕಡೆ ದಪ್ಪದ ನಾಲ್ಕು ಪಟ್ಟಾದರೂ ಮರ ಉಳಿದಿರಬೇಕು, ಅದು 48. ಹಾಗಾಗಿ 60.

60ಕ್ಕಿಂತ ಮೇಲೆ ಹೋಗದಿರಲು ಕಾರಣ ಕುಗ್ಗುವಿಕೆ. ತೊಲೆ ತಳದ ಮೇಲೆ ಕೂತಿದೆ. ಮರ ಒಣಗಿದಂತೆ ತಳ ಅಲ್ಲೇ ಇದ್ದು, ಮೇಲಿನದೆಲ್ಲ ಕೆಳಗಿಳಿಯುತ್ತದೆ. 60 ಮಿ.ಮೀ. ಎತ್ತರದಲ್ಲಿ ಇಳಿತ 2 ಮಿ.ಮೀ.ಗಿಂತ ಕಡಿಮೆ. ಅದಕ್ಕಾಗಿ ಪಕ್ಕದ ಪ್ಲೇಟಿನಲ್ಲಿ ದುಂಡು ತೂತಿನ ಬದಲು 14 ಅಗಲ, 20 ಎತ್ತರದ ಉದ್ದ ತೂತು. ಬೋಲ್ಟು ಹಾಕುವಾಗ ಅದು ಈ ಉದ್ದ ತೂತಿನ ಮೇಲಿನ ಕೊನೆಯ ಹತ್ತಿರ ಇರಬೇಕು, ಏಕೆಂದರೆ ಮರ ಅದನ್ನು ಮುಂದೆ ಕೆಳಗೆ ಒಯ್ಯುತ್ತದೆ. ನಡುವೆ ಹಾಕಿದರೆ ಇಳಿಯಲು ಅರ್ಧ ಜಾಗವಷ್ಟೇ ಉಳಿಯುತ್ತದೆ. ಕೆಳಗೆ ಹಾಕಿದರೆ ಉದ್ದ ತೂತು ಕೊರೆದದ್ದೇ ವ್ಯರ್ಥ, ಮೇಲಾಗಿ ಗಾಳಿಗೆ ತೊಲೆ ಅಷ್ಟೂ ಎತ್ತರ ಏಳಲು ದಾರಿ ಮಾಡಿಕೊಟ್ಟ ಹಾಗೆ. ಮರದ ತೂತು 13 ಮಿ.ಮೀ. ತೊಲೆ ಮಗುಚದಂತೆ ಹಿಡಿಯಲು ಪಕ್ಕದ ಪ್ಲೇಟುಗಳ 150 ಮಿ.ಮೀ. ಎತ್ತರವೇ ಸಾಕು, ಅದಕ್ಕೆಂದು ಮೇಲೊಂದು ಬೋಲ್ಟು ಬೇಡ.

ಕೊನೆಯ ಎರಡು ಕಂಬಗಳ ಮೇಲೆ ತೊಲೆ ಮುಗಿಯುವುದಿಲ್ಲ, ಆಚೆ 500 ಮಿ.ಮೀ. ಹೋಗುತ್ತದೆ. ಅಲ್ಲೂ ಎರಡು ಬೋಲ್ಟು, ಅಕ್ಕಪಕ್ಕ 120 ಮಿ.ಮೀ. ಅಂತರದಲ್ಲಿ, ಅದೇ 60ರ ಎತ್ತರಕ್ಕೆ. ಒಟ್ಟು ಬೇಕಾದದ್ದು 12 ಮಿ.ಮೀ.ನ 150 ಮಿ.ಮೀ. ಉದ್ದದ ಬೋಲ್ಟು 8, ದಪ್ಪ ವಾಷರ್ 16, ನಟ್ಟು 16. ಒಂದರ ಮೇಲೊಂದು ಎರಡು ನಟ್ಟು ಬಿಗಿದರೆ ಗಾಳಿಯ ಅದುರಾಟಕ್ಕೆ ಸಡಿಲವಾಗುವುದಿಲ್ಲ. ಬೋಲ್ಟಿನ ನುಣುಪು ಭಾಗ ಮರದೊಳಗೆ ಇರಬೇಕು. ತಲೆಯವರೆಗೂ ಹಲ್ಲು ಕೊರೆದ ಅಗ್ಗದ ಬೋಲ್ಟು ಮರವನ್ನು ಅರದ ಹಾಗೆ ಉಜ್ಜಿ ತೂತು ದೊಡ್ಡದು ಮಾಡುತ್ತದೆ.

ಸತು

ಸಮುದ್ರದ ಗಾಳಿಗೆ ರೆಡ್ ಆಕ್ಸೈಡ್ ನಿಲ್ಲುವುದಿಲ್ಲ. ಕಂಬ, ಅಡಿಪ್ಲೇಟು, ಬೋದಿಗೆ ಎಲ್ಲವನ್ನೂ ವರ್ಕ್‌ಶಾಪಿನಲ್ಲೇ ವೆಲ್ಡ್ ಮಾಡಿ, ಎಲ್ಲ ತೂತು ಕೊರೆದು, ಆಮೇಲೆ ಇಡಿಯಾಗಿ ಕಾದ ಸತುವಿನಲ್ಲಿ ಅದ್ದಿಸಬೇಕು. ಐಎಸ್ 4759ರ ಪ್ರಕಾರ 5 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಉಕ್ಕಿಗೆ ಚದರ ಮೀಟರ್‌ಗೆ 610 ಗ್ರಾಂ ಸತು, ಅಂದರೆ 85 ಮೈಕ್ರಾನ್ ಆಸುಪಾಸು. ಅದಕ್ಕಿಂತ ತೆಳುವಾದ, ಆದರೆ 2 ಮಿ.ಮೀ.ಗಿಂತ ಕಡಿಮೆಯಿಲ್ಲದ್ದಕ್ಕೆ 460 ಗ್ರಾಂ. ಬಜಾರಿನಲ್ಲಿ ಜಿಐ ಎಂದು ಕೊಡುವ ಹೊಳೆಯುವ ತೆಳು ಲೇಪದ ಬೋಲ್ಟು ಇದಲ್ಲ. ಅದ್ದಿದ್ದು ಬೂದುಬಣ್ಣ, ಮುಟ್ಟಿದರೆ ತುಸು ಒರಟು. ಅದರ ನಟ್ಟು ಸತುವಿನ ದಪ್ಪಕ್ಕಾಗಿ ಹಲ್ಲನ್ನು ತುಸು ಅಗಲ ಕೊರೆದದ್ದು, ಹಾಗಾಗಿ ಬೋಲ್ಟು ನಟ್ಟು ಒಟ್ಟಿಗೇ ಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆಯಿದೆ, ಜೀವದ ಪ್ರಶ್ನೆ ಅದು. ಎರಡೂ ಕಡೆ ಮುಚ್ಚಿದ ಪೈಪನ್ನು ಕಾದ ಸತುವಿಗೆ ಇಳಿಸಿದರೆ ಒಳಗಿನ ಗಾಳಿ, ತೇವ ಉಬ್ಬಿ ಪೈಪು ಸಿಡಿಯುತ್ತದೆ. ಮೇಲೂ ಕೆಳಗೂ, ಮೂಲೆಗೆ ಎದುರು ಮೂಲೆಯಲ್ಲಿ, 12 ಮಿ.ಮೀ. ಗಾಳಿತೂತು ಇರಲೇಬೇಕು. ಅದ್ದಿ ಬಂದ ಮೇಲೆ ಮೇಲಿನ ತೂತನ್ನು ಬೆಣೆ ಹಾಕಿ ಸೀಲಂಟ್ ತುಂಬಿ ಮುಚ್ಚಬೇಕು, ಬುಡದ್ದನ್ನು ತೆರೆದೇ ಬಿಡಬೇಕು. ಒಳಗೆ ಬೆವರಿದ ನೀರಿಗೆ ಅದೇ ದಾರಿ.

ಅದ್ದಿದ ಉಕ್ಕಿಗೆ ಆಮೇಲೆ ವೆಲ್ಡ್ ಹಚ್ಚುವುದು ಎರಡು ಕಾರಣಕ್ಕೆ ತಪ್ಪು: ಸತುವಿನ ಹೊಗೆ ವೆಲ್ಡರ್‌ಗೆ ಜ್ವರ ತರುತ್ತದೆ, ಸುಟ್ಟ ಜಾಗದಿಂದ ತುಕ್ಕು ಹೊರಡುತ್ತದೆ. ಎಲ್ಲೋ ಗೀಚಿಹೋದರೆ ತಂತಿಬ್ರಷ್ ಹಾಕಿ ಸತು ತುಂಬಿದ ಬಣ್ಣ ಎರಡು ಕೋಟು. ಕಡಲಿಗೆ ಎದುರೇ ಇರುವ ಮನೆಗೆ ಎಸ್ಎಸ್ 316 (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟು ಒಳ್ಳೆಯದು. ಸತು ಲೇಪಿಸಿದ ದೊಡ್ಡ ಪ್ಲೇಟಿನಲ್ಲಿ ಸಣ್ಣ ಸ್ಟೇನ್‌ಲೆಸ್ ಬೋಲ್ಟು ನಡೆಯುತ್ತದೆ. ಸ್ಟೇನ್‌ಲೆಸ್ ಪ್ಲೇಟಿಗೆ ಸತುವಿನ ಬೋಲ್ಟು ಹಾಕಬಾರದು, ಬೋಲ್ಟು ಬೇಗ ಕರಗಿಹೋಗುತ್ತದೆ. ತಾಮ್ರದ ಔಷಧಿ ತುಂಬಿದ ಮರವಾದರೆ ಬರಿ ಉಕ್ಕಿನ ಬೋಲ್ಟನ್ನು ಹತ್ತಿರವೂ ತರಬೇಡಿ.

ಕೆಲಸ ನಡೆದ ಕ್ರಮ

ಕೆಲಸಕ್ಕೆ ಆರಿಸಿದ್ದು ಫೆಬ್ರವರಿ. ಮೊದಲು ಹೆಂಚು ಇಳಿಸುವುದು, ಚಾಚೂ ಸೇರಿ 500ಕ್ಕೂ ಹೆಚ್ಚು. ಹೆಂಚಿನ ಭಾರ ಇಟ್ಟುಕೊಂಡು ತೊಲೆ ಎತ್ತಲು ಹೋಗಬಾರದು. ಆಮೇಲೆ ಪ್ರತಿ ಕಂಬದ ಎರಡೂ ಬದಿ, 400 ಮಿ.ಮೀ. ದೂರದಲ್ಲಿ, ತಿರುಪಿನ ಜಾಕಿ. ಜಾಕಿಯ ಅಡಿಗೆ ಅಗಲ ಹಲಗೆ, ಇಲ್ಲದಿದ್ದರೆ ಜಗಲಿಯ ಕೆಂಪು ಗಾರೆ ಒಡೆಯುತ್ತದೆ. ತೊಲೆಯನ್ನು 10 ಮಿ.ಮೀ. ಎತ್ತಿದರೆ ಸಾಕು. ಎಲ್ಲ ಜಾಕಿಗಳನ್ನೂ ಸರದಿಯಂತೆ ಅರ್ಧರ್ಧ ಸುತ್ತು ತಿರುಗಿಸಬೇಕು. ಒಂದನ್ನೇ ಎತ್ತಿದರೆ ಗೋಡೆಯ ಕಡೆ ಪಕ್ಕಾಸಿನ ಮೊಳೆ ಕೀಳುತ್ತದೆ.

ಹೊಸ ಬೋದಿಗೆಯ ಅಡಿಪ್ಲೇಟು ಹಳೆಯದಕ್ಕಿಂತ 4 ಮಿ.ಮೀ. ದಪ್ಪ ಹೆಚ್ಚು, ಮೇಲೆ 3 ಮಿ.ಮೀ. ಪ್ಲಾಸ್ಟಿಕ್ ಪ್ಯಾಡು. ಕಂಬಗಳನ್ನು ಸತುವಿಗೆ ಕಳಿಸುವ ಮೊದಲೇ ಹಳೆ ಬ್ರಾಕೆಟ್ ಕತ್ತರಿಸುವಾಗ 7 ಮಿ.ಮೀ. ಪೈಪನ್ನೂ ಕಡಿದರೆ ಮಾಡಿನ ಮಟ್ಟ ಬದಲಾಗುವುದಿಲ್ಲ.

ಸೀಳಿದ ತೊಲೆಗಳ ಪರೀಕ್ಷೆಗೆ ಹ್ಯಾಕ್ಸಾ ಬ್ಲೇಡು ಸಾಕು. ಬ್ಲೇಡು ಒಂದು ಮೈಯಿಂದ ತೂರಿ ಇನ್ನೊಂದು ಮೈಯಲ್ಲಿ ಕಂಡರೆ ಆ ತುಂಡು ಹೋಯಿತು. ದಪ್ಪದ ಕಾಲು ಭಾಗದಲ್ಲೇ ನಿಂತರೆ ಅದು ಒಣಗಿದ ಬಿರುಕು, ಇಟ್ಟುಕೊಳ್ಳಬಹುದು. ಎರಡು ಹೊಸ ತುಂಡಿನಲ್ಲಿ ಒಂದರ ಸೀಳು ಆರುಪಾರಾಗಿತ್ತು. ಇನ್ನೊಂದರದ್ದು ಆಗಿರಲಿಲ್ಲ. ಆದರೆ ಅದರ ಕೊಳೆತ, ಇದ್ದಿಲಾದ ತುದಿಯನ್ನು ಗಟ್ಟಿ ಮರ ಕಾಣುವವರೆಗೆ ಕೊಯ್ದರೆ ಉದ್ದ ಸಾಲುತ್ತಿರಲಿಲ್ಲ. ಅದನ್ನು ಜಾಲಿಯ ಪಟ್ಟಿಗೆ ಕೊಯ್ಯಲಾಯಿತು. ಎರಡಕ್ಕೂ ಬದಲಿ ತಂದದ್ದು ಕೆಡವಿದ ಮನೆಯ ಹಳೆಯ ತೊಲೆ. ಗಾಳಿಗೆ ಮರ ಒಣಗಲು ಇಂಚು ದಪ್ಪಕ್ಕೆ ವರ್ಷ ಎಂಬುದು ಆಚಾರಿಗಳ ಲೆಕ್ಕ, 100 ಮಿ.ಮೀ. ತೊಲೆಗೆ ನಾಲ್ಕು ವರ್ಷ. ಅಷ್ಟು ಕಾಯುವವರಿಲ್ಲ. ಹಳೆ ಮರ ಸಿಗದಿದ್ದರೆ 50×200ರ ಎರಡು ಹಲಗೆ ತಂದು ನಡುವೆ ಸಂದಿ ಬಿಟ್ಟು ಜೋಡಿಸಿಕೊಳ್ಳಿ. ಅರ್ಧ ದಪ್ಪ, ಬೇಗ ಒಣಗುತ್ತದೆ. ತೇವಮಾಪಕ 16 ಪರ್ಸೆಂಟಿನ ಒಳಗೆ ತೋರಿಸಿದರೆ ನಿಶ್ಚಿಂತೆ.

ತೊಲೆಯ ತುದಿಗೆ, ಬೋದಿಗೆಯಲ್ಲಿ ಕೂರುವ ಉದ್ದಕ್ಕೆ, ಮತ್ತು ಕೊರೆದ ತೂತಿನ ಒಳಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಬಾರಿ. ಕೈಗೆ ಗ್ಲೌಸ್ ಬೇಕು, ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಕೂರಿಸುವುದು. ಬೋದಿಗೆಯ ಅಡಿಯಲ್ಲಿ ಪ್ರತಿ ತುದಿಗೆ ಎರಡು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪಟ್ಟಿ, 25 ಮಿ.ಮೀ. ಅಗಲ, 3 ದಪ್ಪ, ತೊಲೆಗೆ ಅಡ್ಡಲಾಗಿ. ಅವುಗಳ ನಡುವಿನ ಸಂದಿಯಲ್ಲಿ ನೀರು ತೂತಿಗೆ ಹರಿಯುತ್ತದೆ. ಇಡೀ ತಳಕ್ಕೆ ರಬ್ಬರ್ ಹಾಳೆ ಹಾಸಿದರೆ ನೀರು ಮತ್ತೆ ಅಲ್ಲೇ ಕೂರುತ್ತದೆ. ಪಕ್ಕಗಳಲ್ಲಿ ಬೋಲ್ಟಿಗೆ 3 ಮಿ.ಮೀ. ಪ್ಲಾಸ್ಟಿಕ್ ವಾಷರ್, ಮರಕ್ಕೂ ಉಕ್ಕಿಗೂ ನಡುವೆ. ಎರಡು ತೊಲೆಯ ತುದಿಗಳ ನಡುವೆ 10 ಮಿ.ಮೀ. ಖಾಲಿ.

ಮರದ ತೂತನ್ನು ಒಂದೇ ಕಡೆಯಿಂದ ಕೊರೆದರೆ 100 ಮಿ.ಮೀ. ದಾಟುವಷ್ಟರಲ್ಲಿ ಡ್ರಿಲ್ಲಿನ ಬಿಟ್ ಪಕ್ಕಕ್ಕೆ ಸರಿದಿರುತ್ತದೆ. ಎರಡೂ ಪ್ಲೇಟಿನ ಉದ್ದ ತೂತಿನ ಮೇಲಿನ ಕೊನೆಯಿಂದ ಗುರುತು ಹಾಕಿ, ಎರಡು ಕಡೆಯಿಂದ ಕೊರೆದು ನಡುವೆ ಸೇರಿಸಬೇಕು. ನಟ್ಟನ್ನು ಕೈಯಿಂದ ಬಿಗಿಮಾಡಿ, ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಪಕ್ಕದ ಪ್ಲೇಟು ಒಳಕ್ಕೆ ಬಾಗುವಷ್ಟು ಬಿಗಿದರೆ ಕಷ್ಟಪಟ್ಟು ಬಿಟ್ಟ ಗಾಳಿಸಂದಿ ಹೋಯಿತು, ಉದ್ದ ತೂತಿನಲ್ಲಿ ಬೋಲ್ಟು ಜಾರುವುದೂ ನಿಂತಿತು.

ಪಕ್ಕಾಸಿಗೂ ತೊಲೆಗೂ ಇದ್ದದ್ದು ಒಂದೊಂದು ನಾಲ್ಕಿಂಚಿನ ಮೊಳೆ. ಹಸಿ ಮರಕ್ಕೆ ಹೊಡೆದ ಮೊಳೆ ಮರ ಒಣಗಿದ ಮೇಲೆ ಹಿಡಿತ ಬಿಡುತ್ತದೆ. ಪ್ರತಿ ಪಕ್ಕಾಸಿಗೂ 25 ಮಿ.ಮೀ. ಅಗಲದ ಸತು ಲೇಪಿತ ಪಟ್ಟಿ ಸುತ್ತಿ, ಎರಡೂ ಬದಿ ನಾಲ್ಕು ನಾಲ್ಕು ತಿರುಪು. ಕಂಬ ಹಿಡಿದ ತೊಲೆ ಅಲ್ಲೇ ಇದ್ದು ಮೇಲಿನ ಮಾಡಷ್ಟೇ ಹಾರಿಹೋದರೆ ಏನು ಬಂತು?

ಕಂಬದ ಪಕ್ಕದ ಪಟ್ಟಿ

ಜಾಲಿಯ 75×50 ಪಟ್ಟಿಗಳನ್ನು ತಾನೇ ಕೊರೆದುಕೊಳ್ಳುವ 75 ಮಿ.ಮೀ. ಸ್ಕ್ರೂನಲ್ಲಿ ಪೈಪಿಗೆ ಹೊಡೆದಿದ್ದರು. ಕೆಲವು ಸ್ಕ್ರೂಗಳ ತಲೆ ಹಾರಿತ್ತು, ಉಳಿದವು ಇದ್ದೂ ಪಟ್ಟಿ ಸಡಿಲವಾಗಿತ್ತು. ಕಾರಣ ಹೀಗೆ: ಮರದಲ್ಲಿ ಮೊದಲೇ ಅಗಲ ತೂತು ಮಾಡಿಲ್ಲ. ಸ್ಕ್ರೂನ ಹಲ್ಲು ಮರವನ್ನು ಹಿಡಿದಿದೆ. ತುದಿ ಉಕ್ಕಿಗೆ ತಾಗಿ ಕೊರೆಯುತ್ತಾ ನಿಧಾನವಾದಾಗಲೂ ಹಲ್ಲು ಮರವನ್ನು ತಲೆಯ ಕಡೆ ಎಳೆಯುತ್ತಲೇ ಇರುತ್ತದೆ, ಮರ ಪೈಪಿನಿಂದ ಮೇಲೇಳುತ್ತದೆ. ಆಮೇಲೆ ಉಕ್ಕಿನಲ್ಲಿ ಹಲ್ಲು ಹಿಡಿದರೂ ಎದ್ದ ಆ ಮೂರು ನಾಲ್ಕು ಮಿ.ಮೀ. ಮುಚ್ಚುವುದಿಲ್ಲ, ಏಕೆಂದರೆ ಒಂದೇ ಹಲ್ಲಿನ ಸಾಲು ಎರಡನ್ನೂ ಒಟ್ಟಿಗೇ ಹಿಡಿದಿದೆ. ಈ ಸ್ಕ್ರೂ ಗಡಸು, ಬಾಗದು, ಮುರಿಯುತ್ತದೆ. ಮಳೆಗೆ ಪಟ್ಟಿ ಉಬ್ಬಿ, ಬಿಸಿಲಿಗೆ ಕುಗ್ಗಿ, ಆ ಸಂದಿಯಲ್ಲಿ ಸ್ಕ್ರೂವನ್ನು ಬಗ್ಗಿಸಿ ಬಗ್ಗಿಸಿ ಮುರಿಯಿತು.

ಸ್ಕ್ರೂವೇ ಬೇಕೆಂದರೆ ಕುತ್ತಿಗೆಯಲ್ಲಿ ಎರಡು ರೆಕ್ಕೆ ಇರುವುದನ್ನು ಕೊಳ್ಳಿ. ರೆಕ್ಕೆ ಮರದಲ್ಲಿ ತೂತು ಅಗಲ ಮಾಡಿ ಉಕ್ಕಿಗೆ ತಾಗಿದಾಗ ಮುರಿದು ಬೀಳುತ್ತದೆ. ಇಂಪ್ಯಾಕ್ಟ್ ಡ್ರೈವರ್ ಬಿಟ್ಟು ಸಾಮಾನ್ಯ ಡ್ರಿಲ್‌ನಲ್ಲಿ ಹಾಕಿ.

ಇಲ್ಲಿ ಸ್ಕ್ರೂ ಬಿಟ್ಟು 10 ಮಿ.ಮೀ. ಹಲ್ಲಿನ ಸರಳು ಬಳಸಲಾಯಿತು. ನಡುವಿನ ಕಂಬಕ್ಕೆ ಎರಡೂ ಬದಿ ಪಟ್ಟಿ ಇರುವುದರಿಂದ ಒಂದೇ ಸರಳು ಪಟ್ಟಿ, ಪೈಪು, ಪಟ್ಟಿ ಮೂರನ್ನೂ ದಾಟುತ್ತದೆ. ಕಂಬಕ್ಕೆ ಮೂರು ಸರಳು: ಮೇಲಿನಿಂದ, ಕೆಳಗಿನಿಂದ 300 ಮಿ.ಮೀ. ಒಳಗೆ ಒಂದೊಂದು, ನಡುವೆ ಒಂದು. ಪೈಪಿನ ತೂತು ಸತುವಿಗೆ ಅದ್ದುವ ಮೊದಲೇ ಕೊರೆದದ್ದು, 12 ಮಿ.ಮೀ. ಪೈಪಿನೊಳಗೆ ಏನೂ ಇಲ್ಲದಿರುವುದರಿಂದ ಜೋರಾಗಿ ಬಿಗಿದರೆ 4 ಮಿ.ಮೀ. ಗೋಡೆ ಒಳಕ್ಕೆ ತಗ್ಗುತ್ತದೆ. ಪಟ್ಟಿಯ ಅಗಲ ಭಾರವನ್ನು ಹಂಚುತ್ತದೆ ನಿಜ, ಆದರೂ ಅರ್ಧ ಸುತ್ತಿನ ನಿಯಮ ಇಲ್ಲೂ ಬೇಕು. ಕೊನೆಯ ಕಂಬದಲ್ಲಿ ಪಟ್ಟಿಯಿಲ್ಲದ ಬದಿಗೆ 40×40×5 ಪ್ಲೇಟು ವಾಷರ್. ನಟ್ಟು ಮರದೊಳಗೆ 15 ಮಿ.ಮೀ. ಮುಳುಗುವಂತೆ ಗುಳಿ ತೋಡಿ, ಮರದ ಬಿರಡೆ ಹಾಕಿ ಮುಚ್ಚುವುದು. ಬಿರಡೆಗೆ ಅಂಟು ಹಾಕಬೇಡಿ, ಮತ್ತೆ ತೆಗೆಯಲಿಕ್ಕಿದೆ. ಪಟ್ಟಿಗೂ ಪೈಪಿಗೂ ನಡುವೆ 3 ಮಿ.ಮೀ. ಪ್ಲಾಸ್ಟಿಕ್ ವಾಷರ್, ಪಟ್ಟಿಯ ಬುಡ ಪೀಠಕ್ಕಿಂತ 20 ಮಿ.ಮೀ. ಮೇಲೆ ನಿಲ್ಲಬೇಕು.

ಮುಂದಿನ ಎರಡು ಭೇಟಿ

ಮೊದಲನೆಯದು ಮುಂದಿನ ಏಪ್ರಿಲ್‌ನಲ್ಲಿ, ಬೇಸಗೆಗೆ ಮರ ಒಣಗಿರುವಾಗ. ಪಟ್ಟಿಯ ಬಿರಡೆ ತೆಗೆದು ನಟ್ಟು ನೋಡಿದರೆ ಕಾಲರ್ಧ ಸುತ್ತು ಸಡಿಲ ಸಿಗುತ್ತದೆ. ಬಿಗಿಯುವುದು ಆಗಲೇ. ಮಳೆಗಾಲದಲ್ಲಿ ಉಬ್ಬಿದ ಮರದ ಮೇಲೆ ಬಿಗಿದರೆ ಬೇಸಗೆಗೆ ಮತ್ತೆ ಸಡಿಲ. ಬೋದಿಗೆಯಲ್ಲಿ ಬೋಲ್ಟು ಉದ್ದ ತೂತಿನ ಮೇಲಿನಿಂದ ಎಷ್ಟು ಇಳಿದಿದೆ ಎಂದು ಕೂರಿಸುವಾಗ ಹಾಕಿದ ಬಣ್ಣದ ಗುರುತಿನೊಂದಿಗೆ ಹೋಲಿಸಿ ಬರೆದಿಡಬೇಕು. ಎರಡನೆಯದು ಜುಲೈನಲ್ಲಿ, ಜೋರು ಮಳೆಯ ಮರುಗಳಿಗೆಯಲ್ಲಿ: ಬೋದಿಗೆಯ ಅಡಿಗೆ ಬೆರಳಿಟ್ಟು, ಎರಡೂ 12 ಮಿ.ಮೀ. ತೂತಿನಿಂದ ನೀರು ತೊಟ್ಟಿಕ್ಕುತ್ತಿದೆಯೇ ನೋಡುವುದು. ತೊಟ್ಟಿಕ್ಕದಿದ್ದರೆ ಕಣಜ ಮಣ್ಣುಗೂಡು ಕಟ್ಟಿದೆ ಎಂದರ್ಥ, ಸೈಕಲ್ ಕಡ್ಡಿಯಲ್ಲಿ ಚುಚ್ಚಿ ಬಿಡಿಸಿ.